ದುಡ್ಡಿಗೆ ಕುಸ್ತಿ ಆಡಿದ್ರೆ ತಪ್ಪೇನು ಸ್ವಾಮಿ?

ತುಂಬಾ ದಿನ ಆಯ್ತು ಈ ಕಡೆ ತಲೆ ಹಾಕಿ. ಆಫೀಸಲ್ಲಿ ರಿಲೀಸು, ಮನೇಲಿ ಅಕ್ಕನ ಗೃಹಪ್ರವೇಶ, ಇದರ ಮಧ್ಯೆ ಕತ್ತು ಬೇರೆ ಹಿಡ್ಕೊಂಡಿತ್ತು. ಕತ್ತು ಹಿಡಿದಿದ್ದು ಕಂಪ್ಯೂಟರ್ ಮುಂದೆ ಕೂತು ಅಲ್ಲ, ಬಸವೇಶ್ವರನಗರದ ಒಂದು ಮೂರನೇ ಮಹಡಿ ಹಾಲ್‌ನಲ್ಲಿ ಎಂಬತ್ತೈದು ಕೇಜಿಯ ಒಬ್ಬ ಪುಣ್ಯಾತ್ಮ ನನ್ನ ಕುತ್ತಿಗೆಗೆ ನೇತು ಹಾಕ್ಕೊಂಡಿದ್ದರಿಂದ. ಎರಡು ವರ್ಷದಿಂದ ಬ್ರೆಜಿಲಿಯನ್ ಜಿಯು ಜಿಟ್ಸು ಕಲೀತಿದ್ದೀನಿ. ಗೊತ್ತಿಲ್ಲದವರಿಗೆ ಒಂದೇ ಸಾಲಲ್ಲಿ ಹೇಳ್ಬೇಕಂದ್ರೆ, ಹೊಡೆಯೋ ಹಾಗಿಲ್ಲ, ಒದೆಯೋ ಹಾಗಿಲ್ಲ. ಎದುರಾಳಿಯನ್ನ ಕೆಳಗೆ ಕೆಡವಿ, ಕೈಯೋ ಕಾಲೋ ಕತ್ತೋ ಪಟ್ಟಿಗೆ ಸಿಕ್ಕಿಸಿ, "ಸಾಕಪ್ಪಾ ಬಿಡು" ಅಂತ ಅವನು ತಟ್ಟೋವರೆಗೂ ಹಿಡಿಯೋ ಆಟ. ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದ್ರೆ ಚಿತ್, ಆಟ ಮುಗೀತು. ಇದರಲ್ಲಿ ಬೆನ್ನು ನೆಲಕ್ಕೆ ತಾಗಿದ ಮೇಲೆ ಆಟ ಶುರು.

ಇವತ್ತು ಬರೀತಿರೋದು ನನ್ನ ಕತ್ತಿನ ಬಗ್ಗೆ ಅಲ್ಲ, ಒಂದು ಸಿಟ್ಟಿನ ಬಗ್ಗೆ.

ಮೊನ್ನೆ ಒಂದು ಊಟದ ಮನೆಯಲ್ಲಿ ಇದರ ಮಾತು ಬಂತು. ನಮ್ಮ ಕ್ಲಾಸಿನ ಒಬ್ಬ ಹುಡುಗ ಅಬುಧಾಬಿಯ ನಗದು ಬಹುಮಾನದ ಪಂದ್ಯಕ್ಕೆ ಹೋಗ್ಬೇಕು ಅಂತ ದುಡ್ಡು ಕೂಡಿಸ್ತಿದ್ದಾನೆ ಅಂದೆ. ಎಲೆ ಮುಂದೆ ಕೂತಿದ್ದ ನಮ್ಮ ಕಡೆಯ ದೊಡ್ಡವರೊಬ್ಬರು ಮುಖ ಸಿಂಡರಿಸಿ, "ಛೆ ಛೆ, ದುಡ್ಡಿಗೋಸ್ಕರ ಹೊಡೆದಾಡೋದಾ? ಕಲೆ ಅಂದ್ರೆ ಸಾಧನೆ ಕಣಪ್ಪ. ಅಷ್ಟಕ್ಕೂ ಈ ಜಿಯು ಜಿಟ್ಸು ಎಲ್ಲ ನಮ್ಮಿಂದಲೇ ಹೋಗಿದ್ದು. ನಮ್ಮ ಸನ್ಯಾಸಿಗಳು ಕಲಿಸಿದ್ರು, ಜಪಾನಿನವರು ಕದ್ರು, ಈಗ ಅರಬ್ಬರು ಮಾರ್ತಿದ್ದಾರೆ" ಅಂದ್ರು. ಪಂಕ್ತಿಯಲ್ಲಿ ನಾಲ್ಕು ಜನ ತಲೆ ಆಡಿಸಿದ್ರು. ಹೋಳಿಗೆ ಬಂತು, ವಿಷಯ ಮುಗೀತು.

ನನಗೆ ಮುಗೀಲಿಲ್ಲ. ಆ ಎರಡು ಮಾತಿಗೂ ಇಲ್ಲೇ ಉತ್ತರ ಕೊಡ್ತೀನಿ.

ಮೊದಲು ದುಡ್ಡಿನ ಮಾತು.

ಈ ಆಟ ಬ್ರೆಜಿಲ್‌ಗೆ ಹೋಗಿದ್ದು ಹೇಗೆ ಅಂತ ನೋಡಿ. ಮಿತ್ಸುಯೊ ಮಾಯೆದಾ ಅನ್ನೋ ಜಪಾನಿನ ಜೂಡೋ ಪಟು ಅಮೆರಿಕ, ಯೂರೋಪ್ ಎಲ್ಲ ಸುತ್ತಿ 1914ರಲ್ಲಿ ಬ್ರೆಜಿಲ್ ಮುಟ್ಟಿದ. ಅವನು ದೇಶ ಸುತ್ತಿದ್ದು ಧ್ಯಾನ ಮಾಡೋಕಲ್ಲ, ಸವಾಲು ಹಾಕಿ, ಬಾಜಿ ಕಟ್ಟಿ, ಸರ್ಕಸ್ಸು ನಾಟಕಶಾಲೆಗಳಲ್ಲಿ ಕುಸ್ತಿ ಆಡಿ ಹೊಟ್ಟೆ ಹೊರ್ಕೊಳ್ಳೋಕೆ. ಬೆಲೆಮ್ ಅನ್ನೋ ಊರಲ್ಲಿ ನೆಲೆಸಿ ಕಾರ್ಲೋಸ್ ಗ್ರೇಸಿ ಅನ್ನೋ ಹುಡುಗನಿಗೆ ಕಲಿಸಿದ. ಆ ಗ್ರೇಸಿ ಮನೆತನದವರೇ ಮುಂದೆ ಇದನ್ನ ಬೆಳೆಸಿದ್ದು. 1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್‌ನಲ್ಲಿ ಮೊದಲ ಯು.ಎಫ್.ಸಿ. ನಡೆದಾಗ, ಆ ಮನೆಯ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂರು ಜನರನ್ನ ಸೋಲಿಸಿ 50,000 ಡಾಲರ್ ಗೆದ್ದ. ಅವನಿಗಿಂತ ದಪ್ಪ ಇದ್ದವರು, ಬಾಕ್ಸಿಂಗ್ ಗೊತ್ತಿದ್ದವರು, ಒದೆಯೋದು ಗೊತ್ತಿದ್ದವರು, ಎಲ್ಲರೂ ಮಲಗಿದ್ರು. ಪ್ರಪಂಚ ಈ ಆಟವನ್ನ ತಿರುಗಿ ನೋಡಿದ್ದು ಆ ರಾತ್ರಿ. ಬಾಜಿ ಇಲ್ಲದೆ ಈ ಆಟವೇ ಇಲ್ಲ.

ಸರಿ, ಅದು ವಿದೇಶದ ಕಥೆ ಅಂತೀರಾ? ನಮ್ಮನೇ ಕಥೆಗೆ ಬರೋಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದ ಅಂತಲೇ ಒಂದು ಭಾಗ ಇದೆ. ವಯಸ್ಸು, ಗಾತ್ರ, ಬಲ ನೋಡಿ ಮಲ್ಲರನ್ನ ವಿಂಗಡಿಸೋದು ಹೇಗೆ, ಅವರ ಸಾಮು ಹೇಗೆ, ಊಟ ಏನು ಅಂತೆಲ್ಲ ಅದರಲ್ಲಿದೆ. ಬೇಳೆ, ಮಾಂಸ, ಹಾಲು, ಸಕ್ಕರೆ, ಸಿಹಿತಿಂಡಿ, ಇವನ್ನೆಲ್ಲ ಒದಗಿಸೋದು ರಾಜನ ಹೊಣೆ. ಗಮನಿಸಿ, ಮಲ್ಲನ ಹೊಣೆ ಅಲ್ಲ, ರಾಜನ ಹೊಣೆ. ಇನ್ನು ವಿಜಯನಗರ (ನಮ್ಮ ಮಾರುತಿ ಮಂದಿರದ ವಿಜಯನಗರ ಅಲ್ಲ ಮಾರಾಯ್ರೇ, ಹಂಪೆಯದು). 16ನೇ ಶತಮಾನದಲ್ಲಿ ಅಲ್ಲಿಗೆ ಬಂದಿದ್ದ ಪೋರ್ಚುಗೀಸರ ನೂನಿಜ್, ಮಹಾನವಮಿಗೆ ರಾಜನ ಮುಂದೆ ಸಾವಿರ ಜಟ್ಟಿಗಳು ಕಾದಾಡ್ತಿದ್ರು, ಅವರಿಗೆ ರಾಜ್ಯದಲ್ಲಿ ಬೇರೆ ಯಾವ ಕೆಲಸವೂ ಇರಲಿಲ್ಲ ಅಂತ ಬರೆದಿಟ್ಟಿದ್ದಾನೆ. ಕೈಯಲ್ಲಿ ಮೊನೆ ಇರೋ ಬಳೆಯಂಥದ್ದನ್ನ ಹಿಡಿದು ಕಾದಾಡಿ, ಜಾಸ್ತಿ ಗಾಯ ಆದವನಿಗೆ ರೇಷ್ಮೆ ಬಟ್ಟೆ ಉಡುಗೊರೆ! ಇವತ್ತಿಗೂ ವಿಜಯದಶಮಿ ದಿನ ಮೈಸೂರು ಅರಮನೆಯಲ್ಲಿ ನಡೆಯೋ ವಜ್ರಮುಷ್ಟಿ ಕಾಳಗ ಅದೇ ಬಳ್ಳಿಯ ಹೂವು. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿಗಳು ತಲೆ ಬೋಳಿಸಿಕೊಂಡು ಇಳೀತಾರೆ, ಒಂದು ಹನಿ ರಕ್ತ ಬಂದ ತಕ್ಷಣ ಮುಗೀತು.

ಇನ್ನೊಂದು. 1910ರಲ್ಲಿ ಗಾಮಾ ಪೈಲ್ವಾನ್ ಲಂಡನ್‌ಗೆ ಹೋಗಿದ್ದು ದೇಶದ ಮಾನಕ್ಕೆ ಅಂತ ನಾವೆಲ್ಲ ಎದೆ ಉಬ್ಬಿಸಿ ಹೇಳ್ತೀವಿ. ಹೌದು. ಆದ್ರೆ ಅಲ್ಲಿ ಜಾನ್ ಬುಲ್ ಬೆಲ್ಟಿನ ಜೊತೆ 250 ಪೌಂಡ್ ನಗದೂ ಇತ್ತು. ಜಿಬಿಸ್ಕೊ ಎರಡನೇ ಸಲ ಕುಸ್ತಿಗೆ ಬರದೇ ಹೋದಾಗ ಗಾಮಾ ಎರಡನ್ನೂ ತಗೊಂಡೇ ಬಂದ. ಅದರಿಂದ ಅವನ ಮಾನ ಏನು ಕಮ್ಮಿ ಆಗ್ಲಿಲ್ಲ. ಅಂಥ ಗಾಮಾ ಕೊನೆಗಾಲದಲ್ಲಿ ಕಷ್ಟ ಪಟ್ಕೊಂಡು 1960ರಲ್ಲಿ ಲಾಹೋರಿನಲ್ಲಿ ತೀರಿಕೊಂಡ. ಮಾನ ಮಾತ್ರ ಕೊಟ್ಟು ದುಡ್ಡು ಕೊಡದಿದ್ರೆ ಏನಾಗುತ್ತೆ ಅಂತ ಗೊತ್ತಾಗೋಕೆ ಬೇರೆ ಉದಾಹರಣೆ ಬೇಕಾ?

ಈಗ ನನ್ನ ಪ್ರಶ್ನೆ. "ಕಲೆಗೆ ದುಡ್ಡು ಬೇಡ" ಅಂತ ಬುದ್ಧಿ ಹೇಳೋರು ಯಾರು? ನಾವು. ಅಂದ್ರೆ ಶೇಕಡಾ ಮೂವತ್ತು ಹೈಕ್ ಸಿಕ್ಕಿದ್ರೆ ನೋಟಿಸ್ ಪೀರಿಯಡ್ಡೂ ಮುಗಿಸದೆ ಕಂಪನಿ ಬದಲಾಯಿಸೋರು. ಅಪ್ರೈಸಲ್‌ನಲ್ಲಿ ಒಂದು ಪಾಯಿಂಟ್ ಕಮ್ಮಿ ಬಂದ್ರೆ ಮೂರು ದಿನ ಊಟ ಬಿಡೋರು. ನಾನೂ ಅದೇ ಗುಂಪು, ಸುಳ್ಳು ಹೇಳಲ್ಲ. ಕೋಡ್ ಬರೆಯೋದು ನನಗೂ ಇಷ್ಟವೇ. ಹಾಗಂತ ಈ ತಿಂಗಳು ಸಂಬಳದ ಬದಲು ಪದಕ ಕೊಡ್ತೀವಿ ಅಂದ್ರೆ ಚಲ್ಲಘಟ್ಟದ ಕಡೆಯಿಂದ ವೈಟ್‌ಫೀಲ್ಡ್‌ವರೆಗೂ ಮೆಟ್ರೋದಲ್ಲಿ ನಿಂತ್ಕೊಂಡು ಹೋಗ್ತೀನಾ? ನೀವು ಹೋಗ್ತೀರಾ?

ಆಟದಲ್ಲಿ ಕೊಳಕು ಇಲ್ವಾ? ಇದೆ. ಆದ್ರೆ ಅದು ಬಹುಮಾನದ ದುಡ್ಡಿನಲ್ಲಿಲ್ಲ. ಎಲ್ಲಿದೆ ಅಂತ ಹೇಳ್ತೀನಿ ಕೇಳಿ.

ನಾನು ಹೇಳಿದ ಆ ಹುಡುಗ ಕೆಂಗೇರಿ ಕಡೆಯವನು. ಅಪ್ಪ ಆಟೋ ಓಡಿಸ್ತಾರೆ. ಚಿಕ್ಕಂದಿನಲ್ಲಿ ತಾತನ ಜೊತೆ ಗರಡಿ ಮನೆಗೆ ಹೋಗಿ ಮಟ್ಟಿಯಲ್ಲಿ ಹೊರಳಾಡಿ ಬೆಳೆದವನು. ದಂಡ, ಬಸ್ಕಿ ನೂರುಗಟ್ಟಲೆ ಹೊಡೀತಾನೆ. ನಮ್ಮ ಕ್ಲಾಸಿಗೆ ಬಂದ ಮೊದಲ ದಿನವೇ, ಎರಡು ವರ್ಷ ಫೀಸು ಕಟ್ಟಿದ್ದ ನನ್ನನ್ನ ಹತ್ತು ಸೆಕೆಂಡಲ್ಲಿ ಎತ್ತಿ ಮಲಗಿಸಿ, "ನೋವಾಯ್ತಾ ಅಣ್ಣಾ?" ಅಂತ ಕೇಳಿದ :-) ಕೋಚ್ ಅವನಿಂದ ಫೀಸು ತಗೊಳ್ಳಲ್ಲ. ಬೆಳಗ್ಗೆ ಹಾಲ್ ಗುಡಿಸಿ ಮ್ಯಾಟ್ ಒರೆಸ್ತಾನೆ.

ಹೋದ ವರ್ಷ ನಗರದಲ್ಲಿ ಒಂದು ಪಂದ್ಯಾವಳಿ ನಡೀತು. ಪೋಸ್ಟರ್ ಮೇಲೆ 'ಅಂತರರಾಷ್ಟ್ರೀಯ', ಅದರ ಕೆಳಗೆ ದಪ್ಪಕ್ಷರದಲ್ಲಿ 'ನಗದು ಬಹುಮಾನ'. ಅವನ ವರ್ಗಕ್ಕೆ ಹದಿನೈದು ಸಾವಿರ. ಪ್ರವೇಶ ಶುಲ್ಕ ಮೂರು ಸಾವಿರ. ನಾವು ನಾಲ್ಕು ಜನ ಸೇರಿ ಕಟ್ಟಿದ್ವಿ. ಅವನು ಒಬ್ಬರ ಹಿಂದೆ ಒಬ್ಬರಂತೆ ಮೂರು ಜನರನ್ನ ತಟ್ಟಿಸಿ ಗೆದ್ದ. ಕೊನೇ ಕುಸ್ತಿಯಲ್ಲಂತೂ ನಾನು ಕೂಗಿ ಕೂಗಿ ಗಂಟಲು ಕಟ್ಟಿ ಹೋಯ್ತು. ಕೊರಳಿಗೆ ಪದಕ ಬಿತ್ತು, ಫೋಟೋ ಆಯ್ತು. ದುಡ್ಡು ಕೇಳೋಕೆ ಹೋದ್ರೆ ಟೇಬಲ್ ಹಿಂದಿದ್ದವರು ನಿಯಮದ ಹಾಳೆ ತೋರಿಸಿದ್ರು. ವರ್ಗದಲ್ಲಿ ಕನಿಷ್ಠ ಹನ್ನೆರಡು ಜನ ಇದ್ರೆ ಮಾತ್ರ ನಗದು. ಬಂದಿದ್ದವರು ಒಂಬತ್ತು.

ನಾನು ದಿನಾ ಆಫೀಸಲ್ಲಿ ಬರೆಯೋ 'ಇಫ್' ಕಂಡಿಷನ್ ಅದು. ಇಷ್ಟು ಇದ್ರೆ ಹೀಗೆ, ಇಲ್ಲದಿದ್ರೆ ಹಾಗೆ. ಆದ್ರೆ ನಾನು ಬರೆಯೋ ಕೋಡಿನಲ್ಲಿ ಕಂಡಿಷನ್ ಎರಡೂ ಕಡೆ ಕೆಲಸ ಮಾಡುತ್ತೆ. ಇಲ್ಲಿ ಒಂದೇ ಕಡೆ. ಹನ್ನೆರಡು ಜನ ಬರಲಿಲ್ಲ ಅಂತ ಬಹುಮಾನ ಇಲ್ಲ. ಹನ್ನೆರಡು ಜನ ಬರಲಿಲ್ಲ ಅಂತ ಆ ಒಂಬತ್ತು ಜನರ ಶುಲ್ಕ ವಾಪಸ್ ಬಂತಾ? ಒಂಬತ್ಮೂರ್ಲಿ ಇಪ್ಪತ್ತೇಳು ಸಾವಿರ ಎಲ್ಲಿ ಹೋಯ್ತು? ಹಾಲ್ ಬಾಡಿಗೆ, ರೆಫರಿ, ಆಂಬುಲೆನ್ಸ್ ಎಲ್ಲ ಖರ್ಚು ಇರುತ್ತೆ, ಒಪ್ಕೋತೀನಿ. ಹಾಗಿದ್ರೆ ಪೋಸ್ಟರ್ ಮೇಲೆ ಹದಿನೈದು ಸಾವಿರ ಬರೆದಿದ್ದು ಯಾಕೆ? ಖರ್ಚಿನ ಲೆಕ್ಕ ಗೊತ್ತಿದ್ದೇ ತಾನೇ ಬರೆದಿದ್ದು?

ವಾಪಸ್ ಬರುವಾಗ ಆ ಹುಡುಗ ಜಗಳ ಆಡ್ಲಿಲ್ಲ, ಅಳಲಿಲ್ಲ. ಬೈಕ್ ಹಿಂದೆ ಕೂತ್ಕೊಂಡು ಒಂದೇ ಮಾತು ಕೇಳಿದ. "ಅಣ್ಣಾ, ಊರಬ್ಬದ ಕುಸ್ತೀಲಿ ನಮ್ ತಾತ ಸೋತ್ರೂ ಏನಾದ್ರೂ ಕೈಗೆ ಹಾಕಿ ಕಳಿಸ್ತಿದ್ರಂತೆ. ಇಲ್ಲಿ ಗೆದ್ರೂ ನಾವೇ ಕೊಡ್ಬೇಕಾ?"

ನನ್ನ ಹತ್ರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಈ ಬರಹ ಶುರು ಆಗಿದ್ದು ಅವತ್ತೇ.

ವಿಷಯ ಇಷ್ಟೇ ನೋಡಿ. ಅಖಾಡದಲ್ಲಿ ದುಡ್ಡು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತೆ ಅನ್ನೋದು ಮುಖ್ಯ. ನಾಡಕುಸ್ತಿಯಲ್ಲಿ ದುಡ್ಡು ನೋಡೋರಿಂದ, ಊರ ದೊಡ್ಡವರಿಂದ, ದೊರೆಯಿಂದ ಪೈಲ್ವಾನನ ಕಡೆಗೆ ಹರೀತಿತ್ತು. ಈ ಹೊಸ ಆಟದಲ್ಲಿ ಆಡೋನಿಂದ ಆಡಿಸೋನ ಕಡೆಗೆ. ಪ್ರೇಕ್ಷಕ ಅಂದ್ರೆ ಆಡೋರ ಅಪ್ಪ ಅಮ್ಮ, ಪ್ರಾಯೋಜಕ ಅಂದ್ರೆ ಆಡೋರ ಕ್ರೆಡಿಟ್ ಕಾರ್ಡು. ಇದು ನಮ್ಮೂರಿನ ಕಾಯಿಲೆ ಮಾತ್ರ ಅಲ್ಲ. ಜಿಯು ಜಿಟ್ಸುವಿನ ಅತಿ ಹೆಸರಾಂತ ವಿಶ್ವ ಚಾಂಪಿಯನ್‌ಶಿಪ್ 1996ರಲ್ಲಿ ರಿಯೋದಲ್ಲಿ ಶುರು ಆಯ್ತು. ಎಷ್ಟೋ ವರ್ಷ ಅಲ್ಲಿ ಕಪ್ಪು ಬೆಲ್ಟಿನ ವಿಶ್ವ ಚಾಂಪಿಯನ್ ಕೂಡ ತನ್ನ ಶುಲ್ಕ ತಾನೇ ಕಟ್ಟಿ, ಗೆದ್ದು, ಪದಕ ಹಿಡ್ಕೊಂಡು ಮನೆಗೆ ಹೋಗ್ತಿದ್ದ.

ಅಬುಧಾಬಿಯವರು ಬದಲಾಯಿಸಿದ್ದು ಇದನ್ನೇ. ಅಲ್ಲಿನ ಶೇಖ್ ತಹನೂನ್ ಬಿನ್ ಜಾಯೆದ್ ಅಮೆರಿಕದಲ್ಲಿ ಓದುವಾಗ ಈ ಆಟದ ಹುಚ್ಚು ಹತ್ತಿಸಿಕೊಂಡು, 1998ರಲ್ಲಿ ಎ.ಡಿ.ಸಿ.ಸಿ. ಪಂದ್ಯಾವಳಿ ಶುರು ಮಾಡಿದ. ತೂಕದ ವರ್ಗದಲ್ಲಿ ಗೆದ್ದವನಿಗೆ 10,000 ಡಾಲರ್, ತೂಕದ ಹಂಗಿಲ್ಲದ ವರ್ಗ ಗೆದ್ದವನಿಗೆ 40,000. 2008ರಲ್ಲಿ ಅಬುಧಾಬಿಯ ಶಾಲೆಗಳಲ್ಲಿ ಜಿಯು ಜಿಟ್ಸು ಪಾಠ ಶುರು ಆಯ್ತು. ಬ್ರೆಜಿಲ್‌ನಿಂದ ಗುಂಪು ಗುಂಪಾಗಿ ಕೋಚ್‌ಗಳು ಸಂಬಳಕ್ಕೆ ಬಂದ್ರು. 2015ರಿಂದ ಗ್ರ್ಯಾಂಡ್ ಸ್ಲ್ಯಾಮ್ ಅಂತ ಸರಣಿಯೇ ಶುರು ಆಯ್ತು. ಟೋಕಿಯೋ, ಲಾಸ್ ಏಂಜಲೀಸ್, ರಿಯೋ, ಲಂಡನ್, ಕೊನೆಗೆ ಅಬುಧಾಬಿ, ಎಲ್ಲ ಕಡೆ ನಗದು ಬಹುಮಾನ. ಅದು ಎಣ್ಣೆ ದುಡ್ಡು, ಹೆಸರು ಕೊಂಡುಕೊಳ್ಳೋಕೆ ಮಾಡ್ತಾರೆ ಅಂತೀರಾ? ಖಂಡಿತ ಹೌದು. ಮಹಾನವಮಿ ದಿಬ್ಬದ ಮೇಲೆ ಕೂತಿದ್ದವರು ಇನ್ಯಾತಕ್ಕೆ ಮಾಡ್ತಿದ್ರು?

ಹಾಗಂತ ಅವರನ್ನೂ ಪ್ರಶ್ನೆ ಮಾಡಬಾರದು ಅಂತಲ್ಲ. ಎ.ಡಿ.ಸಿ.ಸಿ.ಯ ಆ 10,000 ಡಾಲರ್ ವರ್ಷಾನುಗಟ್ಟಲೆ ಅಲ್ಲೇ ನಿಂತಿತ್ತು. ಹೆಣ್ಣುಮಕ್ಕಳ ಬಹುಮಾನ ಅದಕ್ಕಿಂತಲೂ ಕಮ್ಮಿ ಇತ್ತು. 2024ರ ಆಗಸ್ಟ್‌ನಲ್ಲಿ ಆಸ್ಟ್ರೇಲಿಯಾದ ಕ್ರೇಗ್ ಜೋನ್ಸ್ ಅನ್ನೋ ಆಟಗಾರ ಒಂದು ತಮಾಷೆ ಮಾಡಿದ. ಎ.ಡಿ.ಸಿ.ಸಿ. ನಡೀತಿದ್ದ ಅದೇ ಲಾಸ್ ವೇಗಾಸ್‌ನಲ್ಲಿ, ಅದೇ ವಾರಾಂತ್ಯದಲ್ಲಿ, ತನ್ನದೇ ಪಂದ್ಯಾವಳಿ ಇಟ್ಟ. ಗೆದ್ದವರಿಗೆ ಹತ್ತು ಲಕ್ಷ ಡಾಲರ್, ಅಂದ್ರೆ ನಮ್ಮ ಎಂಟು ಕೋಟಿಗೂ ಮೇಲೆ. ಆದ್ರೆ ನನಗೆ ಇಷ್ಟ ಆಗಿದ್ದು ಅದಲ್ಲ. ಸುಮ್ನೆ ಬಂದು ಆಡಿದ್ದಕ್ಕೇ ಪ್ರತಿಯೊಬ್ಬರಿಗೂ 10,001 ಡಾಲರ್! ಅಲ್ಲಿ ಗೆದ್ರೆ ಸಿಗೋದಕ್ಕಿಂತ ಒಂದು ಡಾಲರ್ ಜಾಸ್ತಿ, ಇಲ್ಲಿ ಸೋತ್ರೂ. ಕೆಂಗೇರಿಯ ತಾತನ ಕಾಲದ ಊರಬ್ಬದ ಲೆಕ್ಕವನ್ನ ಲಾಸ್ ವೇಗಾಸ್‌ನಲ್ಲಿ ಒಬ್ಬ ಹೊಸದಾಗಿ ಕಂಡುಹಿಡಿದ ಅಂತ ನಾನು ನಕ್ಕಿದ್ದೇ ನಕ್ಕಿದ್ದು.

ಈಗ ಆ ದೊಡ್ಡವರ ಎರಡನೇ ಮಾತು. "ಎಲ್ಲ ನಮ್ಮಿಂದಲೇ ಹೋಗಿದ್ದು."

ಸ್ವಾಮಿ, ಮನುಷ್ಯನಿಗೆ ಎರಡು ಕೈ ಎರಡು ಕಾಲು ಇರೋ ಕಡೆಯೆಲ್ಲ ಕುಸ್ತಿ ಇದೆ. ಈಜಿಪ್ಟಿನ ಗೋರಿ ಗೋಡೆ ಮೇಲೂ ಇದೆ, ಗ್ರೀಕರ ಹೂಜಿ ಮೇಲೂ ಇದೆ. ಸನ್ಯಾಸಿ ಹೋಗಿ ಕಲಿಸಿದ ಕಥೆ ವಾಟ್ಸಾಪ್‌ನಲ್ಲಿ ಚೆನ್ನಾಗಿರುತ್ತೆ, ಇತಿಹಾಸದಲ್ಲಿ ಅದಕ್ಕೆ ಆಧಾರ ಇಲ್ಲ. ಒಂದು ವೇಳೆ ನಿಜ ಅಂತಲೇ ಇಟ್ಕೊಳ್ಳಿ. ಆಗ ಇನ್ನೂ ನಾಚಿಕೆ ಅಲ್ವಾ? ನಮ್ಮದೇ ಅಂದ ಮೇಲೆ ನಮ್ಮ ಗರಡಿ ಮನೆಗೆ ಕೊನೇ ಸಲ ಯಾವಾಗ ಹೋಗಿದ್ರಿ? ಹಳೇ ಪೇಟೆಯ ಗರಡಿಗಳು ಕರಗದ ಸಮಯದಲ್ಲಿ ವೀರಕುಮಾರರ ಫೋಟೋ ಬಂದಾಗ ಮಾತ್ರ ನೆನಪಾಗುತ್ತೆ. ಉಳಿದ ವರ್ಷ ಪೂರ್ತಿ ಗರಡಿ ಅಂದ್ರೆ ಭೂಗತ ಲೋಕದ ಸಿನಿಮಾ, ರೌಡಿಗಳ ಅಡ್ಡೆ. ಅದೇ ಮಟ್ಟಿಯ ಬದಲು ನೀಲಿ ಮ್ಯಾಟ್ ಹಾಸಿ, ಲಂಗೋಟಿ ಬದಲು ಬಿಳಿ ಅಂಗಿ ತೊಡಿಸಿ, ತಿಂಗಳಿಗೆ ಇಷ್ಟು ಸಾವಿರ ಅಂದ್ರೆ ಅದು 'ಪರ್ಸನಾಲಿಟಿ ಡೆವಲಪ್‌ಮೆಂಟ್'. ಆ ಹುಡುಗನ ತಾತ ಕೂಡ ಪೈಲ್ವಾನರೇ. ಅವರ ಬೀದಿಯಲ್ಲಿ ಅವರಿಗೆ ಬಾಡಿಗೆ ಮನೆ ಕೊಡೋಕೆ ಜನ ಹೆದರ್ತಿದ್ರಂತೆ. ನಾನೂ ಎರಡು ವರ್ಷ ಇಂಥದ್ದೇ ಪಟ್ಟು ಕಲಿತಿದ್ದೀನಿ, ನನ್ನನ್ನ ನೋಡಿ ಯಾವ ಓನರೂ ಹೆದರಿಲ್ಲ. ಐಡಿ ಕಾರ್ಡ್ ನೋಡಿ ಬಾಡಿಗೆ ಜಾಸ್ತಿ ಮಾಡಿದ್ರು ಅಷ್ಟೇ.

ಗರಡಿಯಲ್ಲಿ ಎಲ್ಲ ಚಿನ್ನ ಅಂತ ಹಾಡೋಕೆ ನಾನು ಬಂದಿಲ್ಲ. ಹೆಣ್ಣುಮಕ್ಕಳನ್ನ ಮಟ್ಟಿಗೆ ಕಾಲಿಡೋಕೆ ಬಿಡದ ಗರಡಿಗಳಿದ್ದವು, ಇವೆ. ಮೊದಲೇ ಮಾತಾಡ್ಕೊಂಡು ಆಡೋ ಕುಸ್ತಿಗಳಿವೆ. ಬಾಜಿ ಇದ್ದ ಕಡೆ ಮೋಸ ನುಸುಳುತ್ತೆ ಅನ್ನೋ ವಾದವನ್ನ ನಾನು ತಳ್ಳಿ ಹಾಕಲ್ಲ. ಆದ್ರೆ ಮೋಸಕ್ಕೆ ಮದ್ದು ಬಹುಮಾನ ನಿಲ್ಲಿಸೋದಲ್ಲ, ಲೆಕ್ಕ ತೆರೆದಿಡೋದು. ಮೈಸೂರು ದಸರಾ ಕುಸ್ತಿಯನ್ನೇ ನೋಡಿ. ದೇವರಾಜ ಅರಸು ಕ್ರೀಡಾಂಗಣದಲ್ಲಿ ಮಟ್ಟಿ ಮೇಲೆ ನಾಡಕುಸ್ತಿಯೂ ಇದೆ, ಮ್ಯಾಟ್ ಮೇಲೆ ಪಾಯಿಂಟ್ ಕುಸ್ತಿಯೂ ಇದೆ. ದಿನಗಳ ಮುಂಚೆ ಎಲ್ಲರ ಎದುರಿಗೆ ಜೋಡಿ ಕಟ್ತಾರೆ, ಯಾರಿಗೆ ಯಾರು ಅಂತ ಊರಿಗೆಲ್ಲ ಗೊತ್ತಿರುತ್ತೆ. ದಸರಾ ಕೇಸರಿ, ದಸರಾ ಕಂಠೀರವ ಅಂತ ಬಿರುದಿದೆ, ಹೆಣ್ಣುಮಕ್ಕಳಿಗೆ ದಸರಾ ಕಿಶೋರಿ ಇದೆ. ನಾನು ಒಂದು ಸಲ ಹೋಗಿದ್ದೆ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಪ್ರತಿ ಪಟ್ಟಿಗೂ ಹೆಸರು ಹೇಳ್ತಿದ್ರು, ತಪ್ಪು ಮಾಡಿದವನಿಗೆ ಅಲ್ಲಿಂದಲೇ ಬೈತಿದ್ರು. ಆಟ ಗೊತ್ತಿರೋ ಪ್ರೇಕ್ಷಕ! ನಮ್ಮ ಜಿಯು ಜಿಟ್ಸು ಪಂದ್ಯಗಳಲ್ಲಿ ದುಡ್ಡು ಕೊಟ್ರೂ ಅಂಥವರು ಸಿಗಲ್ಲ.

ಹಾಗಾದ್ರೆ ಏನು ಮಾಡ್ಬೇಕು ಅಂತೀಯಪ್ಪ? ಸರಿ, ಹೇಳ್ತೀನಿ.

ಒಂದು: ಪೋಸ್ಟರ್ ಮೇಲೆ 'ನಗದು ಬಹುಮಾನ' ಅಂತ ಬರೆದ್ರೆ, ಒಬ್ಬನೇ ಬರಲಿ ನೂರು ಜನ ಬರಲಿ, ಕೊಡ್ಬೇಕು. ಕಂಡಿಷನ್ ಇದ್ರೆ ಅದನ್ನೂ ಅಷ್ಟೇ ದಪ್ಪಕ್ಷರದಲ್ಲಿ ಬರೀಬೇಕು. ಜನ ಸೇರಲಿಲ್ಲ ಅಂದ್ರೆ ಶುಲ್ಕ ವಾಪಸ್.

ಎರಡು: ಪಂದ್ಯ ಮುಗಿದ ಮೇಲೆ ಎಷ್ಟು ಶುಲ್ಕ ಬಂತು, ಎಷ್ಟು ಖರ್ಚಾಯ್ತು, ಎಷ್ಟು ಬಹುಮಾನ ಹೋಯ್ತು ಅಂತ ಒಂದು ಹಾಳೆ ಅಂಟಿಸ್ಲಿ. ಗಣೇಶೋತ್ಸವಕ್ಕೆ ಚಂದಾ ಎತ್ತೋ ನಮ್ಮ ಬೀದಿ ಹುಡುಗರು ಮಾಡ್ತಾರೆ, ಇವರಿಗೇನು?

ಮೂರು: ಗಂಡು ಹೆಣ್ಣು ಇಬ್ಬರಿಗೂ ಒಂದೇ ಬಹುಮಾನ. ಕತ್ತು ಹಿಸುಕಿದ್ರೆ ಇಬ್ಬರಿಗೂ ಉಸಿರು ಕಟ್ಟೋದು ಒಂದೇ ಥರ.

ನಾಲ್ಕು: ಇದು ನಮಗೆ, ಅಂದ್ರೆ ಸಂಬಳ ಎಣಿಸೋ ಜನಕ್ಕೆ. ಆಡೋರ ಶುಲ್ಕದಿಂದ ಆಟ ನಡೀತಿದೆ ಅಂದ್ರೆ ನೋಡೋರು ದುಡ್ಡು ಕೊಡ್ತಿಲ್ಲ ಅಂತ ಅರ್ಥ. ಸಿನಿಮಾಗೆ ಮುನ್ನೂರು ಕೊಡ್ತೀವಿ, ಪಾಪ್‌ಕಾರ್ನ್‌ಗೆ ಇನ್ನೂ ಮುನ್ನೂರು ಕೊಡ್ತೀವಿ. ಊರಬ್ಬದ ಕುಸ್ತಿಗೋ, ಹುಡುಗರ ಪಂದ್ಯಕ್ಕೋ ಒಂದು ಭಾನುವಾರ ಹೋಗಿ, ಗೆದ್ದವನ ಕೈಗೆ ನೂರು ರೂಪಾಯಿ ಇಡೋಕೆ ಏನು ಕಷ್ಟ? ಸೋತವನ ಕೈಗೂ ಇಡಿ.

ಆ ಹುಡುಗನ ವಿಷಯ ಕೇಳ್ತೀರೇನೋ. ಅಬುಧಾಬಿ ಇನ್ನೂ ದೂರ. ವಿಮಾನ, ವೀಸಾ, ಉಳಿಯೋದು, ಶುಲ್ಕ, ಎಲ್ಲ ಸೇರಿಸಿ ಒಂದು ಎಕ್ಸೆಲ್ ಶೀಟ್ ಮಾಡಿದ್ದೀನಿ, ಅದರಲ್ಲಿ ಇನ್ನೂ ಅರ್ಧಕ್ಕಿಂತ ಜಾಸ್ತಿ ಕೆಂಪು. ಅವನು ಬೆಳಗ್ಗೆ ಮ್ಯಾಟ್ ಒರೆಸ್ತಾನೆ, ಹಗಲು ಒಂದು ಅಂಗಡಿಯಲ್ಲಿ ಡೆಲಿವರಿ ಕೆಲಸ ಮಾಡ್ತಾನೆ, ಸಾಯಂಕಾಲ ನನ್ನ ಕತ್ತು ತಿರುಚ್ತಾನೆ. ಮೊನ್ನೆ ಅವನ ಜೊತೆ ತಾತನ ಗರಡಿಗೆ ಹೋಗಿದ್ದೆ. ಎಂಬತ್ತು ದಾಟಿದ ಉಸ್ತಾದ್ ಒಬ್ಬರು ಕಟ್ಟೆ ಮೇಲೆ ಕೂತಿದ್ರು. ಹುಡುಗ ಜಿಯು ಜಿಟ್ಸುವಿನ ಒಂದು ಪಟ್ಟು ಹಾಕಿ ತೋರಿಸಿದ. ಅವರು ಸ್ವಲ್ಪ ಹೊತ್ತು ನೋಡಿ, "ಚೆನ್ನಾಗೈತೆ ಮರಿ. ಗೆದ್ರೆ ಏನು ಕೊಡ್ತಾರೆ?" ಅಂದ್ರು. ಹುಡುಗ ನನ್ನ ಮುಖ ನೋಡಿದ.

ದುಡ್ಡಿಗೆ ಆಡಬಾರದು ಅನ್ನೋರು ಒಂದು ಸಲ ಆ ಕಟ್ಟೆ ಹತ್ರ ಬಂದು ಆ ಉಸ್ತಾದ್‌ಗೆ ಉತ್ತರ ಹೇಳ್ಬೇಕು ಅಂತ ನನ್ನ ಆಸೆ. ನಾನಂತೂ ಪದಕ ಅಂತ ಹೇಳೋಕೆ ನಾಚಿಕೆ ಆಗಿ ಸುಮ್ನಾದೆ.

ನಿಮ್ಮ ಊರಲ್ಲಿ ಇನ್ನೂ ನಡೆಯೋ ಗರಡಿ ಮನೆ ಇದ್ರೆ, ಹಬ್ಬದ ಕುಸ್ತಿ ಇದ್ರೆ ದಯವಿಟ್ಟು ಬರೀರಿ. ಒಪ್ಪದಿದ್ರೆ ಬೈದು ಬರೀರಿ, ಅದಕ್ಕೂ ಶುಲ್ಕ ಇಲ್ಲ :-)

ಮತ್ತೆ ಸಿಗೋಣ, ಕತ್ತು ಸರಿ ಇದ್ರೆ.